ಹೊಸ ಸಂಗೀತ ಹುಡುಕಲು ಸ್ಟುಡಿಯೋ ಲೈವ್ ನೋಡಿ

ಆಪ್‌ಗಳು ಒಂದೇ ಥರದ ಹಾಡುಗಳನ್ನು ಮುಂದಿಡುತ್ತವೆ, ಬೇರೆ ಪ್ರಕಾರಗಳನ್ನು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನನ್ನ ಉತ್ತರ: ರೇಡಿಯೋ ಸ್ಟುಡಿಯೋಗಳ ಲೈವ್ ವಿಡಿಯೋಗಳು.

ಮೊದಲು ಅಮೆರಿಕದ ಸಿಯಾಟಲ್‌ನ ರೇಡಿಯೋ ಕೇಂದ್ರ ಕೆಇಎಕ್ಸ್‌ಪಿಯ ವಿಡಿಯೋಗಳನ್ನು ನೋಡಿ. ಯೂಟ್ಯೂಬ್‌ನಲ್ಲಿ ಉಚಿತ. ಸಾಮಾನ್ಯವಾಗಿ ಕೆಲವು ಹಾಡು, ನಡುವೆ ಅಥವಾ ಕೊನೆಗೆ ಒಂದಿಷ್ಟು ಮಾತು. ಆ ಮಾತನ್ನು ಬಿಟ್ಟು ಮುಂದೆ ಹೋಗಬೇಡಿ. ಕಲಾವಿದರು ತಾವು ಯಾರನ್ನು ಕೇಳಿ ಬೆಳೆದೆವು ಅಂತ ಅಲ್ಲೇ ಹೇಳುತ್ತಾರೆ, ಮುಂದೆ ಹುಡುಕಲು ಹೆಸರುಗಳು ಸಿಗುತ್ತವೆ. ಅಲ್ಲಿ ಆಲ್ಟಿನ್ ಗುನ್ ತಂಡವನ್ನು ಕೇಳಿ. ಆಮ್‌ಸ್ಟರ್‌ಡ್ಯಾಮ್‌ನವರು, ಟರ್ಕಿಯ ಜನಪದ ಹಾಡುಗಳನ್ನು ಎಲೆಕ್ಟ್ರಿಕ್ ಸಾಜ್ (ಉದ್ದ ಕತ್ತಿನ ತಂತಿವಾದ್ಯ), ಬೇಸ್ ಗಿಟಾರ್, ಡ್ರಮ್ಸ್ ಜೊತೆ ನುಡಿಸುತ್ತಾರೆ. ಭಾಷೆ ಗೊತ್ತಿಲ್ಲದಿದ್ದರೂ ತಲೆ ತೂಗುತ್ತದೆ! ಸಹಾರಾ ಕಡೆಯ ಗಿಟಾರ್ ಇಷ್ಟವಾದರೆ ತಿನಾರಿವೆನ್ ತಂಡ, ಗಿಟಾರ್ ವಾದಕ ಎಂಡೂ ಮೊಕ್ತಾರ್ ಅವರನ್ನು ಕೇಳಿ.

ಆಮೇಲೆ ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್‌ನ ವಾಷಿಂಗ್ಟನ್ ಕಚೇರಿಯ ಟೈನಿ ಡೆಸ್ಕ್ ಅನ್ನುವ ಲೈವ್ ಸರಣಿ. 2008ರಲ್ಲಿ ಶುರುವಾಯಿತು. ಗದ್ದಲದ ಬಾರ್‌ನಲ್ಲಿ ಗಾಯಕಿ ಲಾರಾ ಗಿಬ್ಸನ್ ಹಾಡಿದ್ದು ಕೇಳಿಸಲಿಲ್ಲ ಅಂತ, ಎನ್‌ಪಿಆರ್‌ನ ಬಾಬ್ ಬೋಯ್ಲನ್ ಮತ್ತು ಸ್ಟೀಫನ್ ಥಾಂಪ್ಸನ್ ಆಕೆಯನ್ನು ಕಚೇರಿಗೇ ಕರೆಸಿ ಮೇಜಿನ ಬಳಿ ಹಾಡಿಸಿದರು. ದೊಡ್ಡ ಸ್ಪೀಕರ್ ಇಲ್ಲ, ಹಾಗಾಗಿ ದನಿ ಸಣ್ಣದಾಗಿ, ಸ್ಪಷ್ಟವಾಗಿ ಕೇಳುತ್ತದೆ. ರ‍್ಯಾಪ್, ಜಾಝ್ ಹೊಸಬರಿಗೆ ಇದೇ ಸುಲಭ ಅಂತ ನನಗನ್ನಿಸುತ್ತದೆ.

ರೇಡಿಯೋ ಅಲ್ಲದಿದ್ದರೂ, ಬಿಬಿಸಿ ಟಿವಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮವೂ ಇದೆ. 2010ರಲ್ಲಿ ನಮ್ಮ ರಘು ದೀಕ್ಷಿತ್ ಅಲ್ಲಿ ಹಾಡಿದ್ದರು, ಗೊತ್ತಲ್ವಾ? ಪಾಕಿಸ್ತಾನದ ಕೋಕ್ ಸ್ಟುಡಿಯೋ ಬಗ್ಗೆ ಬಹುಶಃ ನಿಮಗೆ ಗೊತ್ತಿರುತ್ತದೆ.

ಒಂದು ಹಾಡು ಇಷ್ಟವಾದರೆ ಆ ತಂಡದ ಇಡೀ ಸೆಷನ್ ಕೇಳಿ. ಯಾವ ವಾದ್ಯ ನಿಮ್ಮನ್ನು ಸೆಳೆಯಿತು ಅಂತ ಇಲ್ಲಿ ಬರೆಯಿರಿ, ಅದಕ್ಕೆ ತಕ್ಕ ಹಾಗೆ ಇನ್ನಷ್ಟು ಹೇಳುತ್ತೇನೆ.