ಪ್ಲಾಟಿನಂ ಹತ್ತಿರ ಬಂತಾ? ತಂತಿ ನೋಡಿ ಮೊದಲು

ಪ್ರಶ್ನೆ: ಗ್ರಾಫೀನ್ ಆಕ್ಸೈಡ್‌ಗೆ (ಆಕ್ಸಿಜನ್ ಅಂಟಿದ ತೆಳು ಕಾರ್ಬನ್ ಹಾಳೆ) ನೈಟ್ರೋಜನ್ ಸೇರಲಿ ಅಂತ ಯೂರಿಯಾ ಬೆರೆಸಿ 800 ಡಿಗ್ರಿಯಲ್ಲಿ ಕಾಯಿಸಿದೆ. ಆಕ್ಸಿಜನ್ ರಿಡಕ್ಷನ್‌ನಲ್ಲಿ (ಇಂಧನ ಕೋಶದಲ್ಲಿ ಆಕ್ಸಿಜನ್ ಎಲೆಕ್ಟ್ರಾನ್ ಪಡೆಯುವ ಕ್ರಿಯೆ) ವೇಗವರ್ಧಕವಾಗಿ ಅದು ಪ್ಲಾಟಿನಂ ಹತ್ತಿರ ಬಂದಿದೆ. ಇನ್ನೂ ಜಾಸ್ತಿ ನೈಟ್ರೋಜನ್ ಸೇರಿಸಲಾ ಸರ್?

ಉತ್ತರ: ಒಬ್ಬರು ಯೂರಿಯಾ ಬದಲು ಮೆಲಮೈನ್ ಹಾಕಿರುತ್ತಾರೆ, ಇನ್ನೊಬ್ಬರು ಅಮೋನಿಯಾ. ಅಷ್ಟು ಬಿಟ್ಟರೆ ಇದೇ ಪತ್ರ ಮತ್ತೆ ಮತ್ತೆ ಬರುತ್ತದೆ. ನೈಟ್ರೋಜನ್ ಮಾತು ಆಮೇಲೆ. ನಿಮ್ಮ ಕೌಂಟರ್ ಎಲೆಕ್ಟ್ರೋಡ್, ಅಂದರೆ ಸ್ಯಾಂಪಲ್ ಎದುರು ಕರೆಂಟ್ ಸಾಗಿಸಲು ಇಡುವ ತುದಿ, ಯಾವುದು? ಪ್ಲಾಟಿನಂ ತಂತಿ, ಅಲ್ವಾ? ಗಂಟೆಗಟ್ಟಲೆ ವೋಲ್ಟೇಜ್ ಏರಿಸಿ ಇಳಿಸಿ ಸೈಕಲ್ ಓಡಿಸಿದರೆ ಅದು ಚೂರುಚೂರೇ ಕರಗಿ, ಬಂದು ಗ್ರಾಫೀನ್ ಮೇಲೆ ಕೂರುತ್ತದೆ. ನೀವು ಪ್ಲಾಟಿನಂ ಹತ್ತಿರ ಹೋಗಿಲ್ಲ, ಪ್ಲಾಟಿನಮ್ಮೇ ನಿಮ್ಮ ಹತ್ತಿರ ಬಂದಿರಬಹುದು! ಗ್ರಾಫೈಟ್ ಕಡ್ಡಿ ಹಾಕಿ, ಮತ್ತೆ ಅಳೆಯಿರಿ.

ಇನ್ನು ಮ್ಯಾಂಗನೀಸ್, ಅದೂ ಈ ಕ್ರಿಯೆ ನಡೆಸಬಲ್ಲ ಲೋಹ. ಈ ಆಕ್ಸೈಡ್ ಮಾಡಲು ರಸಾಯನಶಾಸ್ತ್ರಜ್ಞ ಹಮ್ಮರ್ಸ್ 1958ರಲ್ಲಿ ಬರೆದ ಪಾಕದಲ್ಲಿ ಒಂದು ಪಾಲು ಗ್ರಾಫೈಟ್‌ಗೆ ಮೂರು ಪಾಲು ಪರ್ಮಾಂಗನೇಟ್, ಅಂದರೆ ಮ್ಯಾಂಗನೀಸ್ ಇರುವ ಉಪ್ಪು, ಇದೆ. ಎರಡು ಸಲ ತೊಳೆದರೆ ಅಷ್ಟೂ ಹೋಗುತ್ತಾ? ನೀರು ತಿಳಿಯಾಯಿತು ಅಂತ ನಂಬಬೇಡಿ. ಪೆರಾಕ್ಸೈಡ್ ಹಾಕಿದ ಮೇಲೆ ಉಳಿಯುವ ಮ್ಯಾಂಗನೀಸ್ ಉಪ್ಪಿಗೆ ಬಣ್ಣವೇ ಇರುವುದಿಲ್ಲ. ಎಕ್ಸ್‌ಪಿಎಸ್‌ನಲ್ಲಿ (ಎಕ್ಸ್-ರೇ ಬಿಟ್ಟು ಮೇಲ್ಮೈಯ ಧಾತು ಗುರುತಿಸುವ ಪರೀಕ್ಷೆ) ಕಾಣಲಿಲ್ಲ ಅನ್ನಬೇಡಿ, ಅಷ್ಟು ಸಣ್ಣ ಪ್ರಮಾಣ ಅದರ ಕಣ್ಣಿಗೆ ಬೀಳುವುದಿಲ್ಲ. ಐಸಿಪಿ-ಎಂಎಸ್ (ಲೋಹದ ಅತಿ ಸಣ್ಣ ಅಂಶವನ್ನೂ ಅಳೆಯುವ ಪರೀಕ್ಷೆ) ಮಾಡಿಸದೆ 'ಮೆಟಲ್-ಫ್ರೀ' ಅಂತ ಬರೆದರೆ ನಾನಂತೂ ಓದುವುದಿಲ್ಲ. ಒಮ್ಮೆ ನಾನೂ ಬರೆದಿದ್ದೆ. ಆಮ್ಲದಲ್ಲಿ ಮತ್ತೆ ತೊಳೆದು ನೋಡಿದರೆ ಚಟುವಟಿಕೆ ತೋರಿಸುವ ಕರ್ವ್ ಜಾರಿ ಕೆಳಗೆ ಬಂತು.

ಯೂರಿಯಾ ಇಲ್ಲದ ಸ್ಯಾಂಪಲ್ ಅನ್ನೂ ಅದೇ ಕುಲುಮೆಯಲ್ಲಿ ಅಷ್ಟೇ ಹೊತ್ತು ಕಾಯಿಸಿದ್ದೀರಾ? 2020ರಲ್ಲಿ ಪ್ರಾಗ್‌ನ ಮಾರ್ಟಿನ್ ಪುಮೇರಾ ತಂಡ ಗ್ರಾಫೀನ್‌ಗೆ ಹಕ್ಕಿ ಹಿಕ್ಕೆ ಬೆರೆಸಿತು. ಅದೂ ಬರೀ ಗ್ರಾಫೀನ್‌ಗಿಂತ ಚೆನ್ನಾಗಿ ಕೆಲಸ ಮಾಡಿತು. ಬರೀ ಗ್ರಾಫೀನನ್ನು ಸೋಲಿಸುವುದು ಅಷ್ಟು ಸುಲಭ.

ಜಾಸ್ತಿ ಹಾಕಲಾ ಅಂದರೆ, ಬೇಡ. 600 ಡಿಗ್ರಿಯಲ್ಲಿ ನೈಟ್ರೋಜನ್ ಹೆಚ್ಚು ಉಳಿಯುತ್ತದೆ, ಆದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಬಿಸಿ ಏರಿಸಿದರೆ ಕರೆಂಟ್ ಹರಿಯುತ್ತದೆ, ನೈಟ್ರೋಜನ್ ಹಾರಿಹೋಗುತ್ತದೆ. 800ರಿಂದ 900ರ ಒಳಗೆ ಇರಿ.

ಪ್ರಶ್ನೆ: ರಂಧ್ರ ಆಗಲಿ ಅಂತ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಕಾಯಿಸಿದೆ. ಕ್ವಾರ್ಟ್ಜ್ ಬೋಟ್ (ಕುಲುಮೆಯಲ್ಲಿ ಸ್ಯಾಂಪಲ್ ಇಡುವ ಪಾತ್ರೆ) ತೂತಾಯಿತು.

ಉತ್ತರ: ಆಗದೆ ಇನ್ನೇನು? ಅದು ಗಾಜನ್ನು ತಿನ್ನುತ್ತದೆ, ನಿಕಲ್ ಬೋಟ್ ತಗೊಳ್ಳಿ. ಪೂರ್ತಿ ತಣ್ಣಗಾಗುವವರೆಗೆ ಆರ್ಗಾನ್ ಅನಿಲ ಹರಿಸುವುದನ್ನು ನಿಲ್ಲಿಸಬೇಡಿ, ತಟ್ಟನೆ ನೀರೂ ಸುರಿಯಬೇಡಿ. ಒಳಗೆ ಪೊಟ್ಯಾಸಿಯಂ ಲೋಹ ಉಳಿದಿದ್ದರೆ ಬೆಂಕಿ ಹತ್ತುತ್ತದೆ.

ಪ್ರಶ್ನೆ: ವಿಡಿಯೋ ನೋಡಿ ಮನೆಯಲ್ಲೇ ಗ್ರಾಫೀನ್ ಆಕ್ಸೈಡ್ ಮಾಡಬಹುದಾ?

ಉತ್ತರ: ಖಂಡಿತ ಬೇಡ. ಗಟ್ಟಿ ಸಲ್ಫ್ಯೂರಿಕ್ ಆಮ್ಲಕ್ಕೆ ಪರ್ಮಾಂಗನೇಟ್ ಬಿದ್ದರೆ ಹಸಿರು ಬಣ್ಣ ಬರುತ್ತದಲ್ಲ, ಅದು ಬಿಸಿಯಾದರೆ ಸಿಡಿಯುತ್ತದೆ. ಆ ವಿಡಿಯೋದವರು ಅದನ್ನು ಹೇಳುವುದಿಲ್ಲ.

ಪ್ರಶ್ನೆ: ತೆಂಗಿನ ಚಿಪ್ಪು ಸುಟ್ಟರೆ ಗ್ರಾಫೀನ್ ಆಗುತ್ತಂತೆ?

ಉತ್ತರ: ಇದ್ದಿಲು ಆಗುತ್ತದೆ. ಇಸ್ತ್ರಿ ಪೆಟ್ಟಿಗೆಗೆ ಹಾಕಿ.