40 ಚೀಲ ಸಿಮೆಂಟ್ ಮತ್ತು ನುಂಗಿಕೊಂಡ ಒಂದು ಮಾತು

"ನನಗೆ 29 ವರ್ಷ. ಸಿಮೆಂಟ್ ಮಾರುವ ಆಫೀಸೊಂದರಲ್ಲಿ ಲೆಕ್ಕ ನೋಡ್ತೀನಿ. ಸೋಮವಾರ ಬಂದರೆ ಬೆಂಗಳೂರಿನವರ ಜೊತೆ ವಿಡಿಯೊ ಮೀಟಿಂಗ್. ಹೋದ ತಿಂಗಳು ಸ್ಟಾಕಿನಲ್ಲಿ 40 ಚೀಲ ಕಡಿಮೆ ಇರೋದು ಮೊದಲು ಕಂಡದ್ದು ನನಗೇ. ಬಾಯಿ ಬಿಡಲಿಲ್ಲ. ಎರಡು ದಿನದ ಮೇಲೆ ಪಕ್ಕದ ಟೇಬಲ್‌ನವರು ಹೇಳಿ ಶಹಬ್ಬಾಸ್ ಅನ್ನಿಸಿಕೊಂಡರು. ದರ್ಜಿ ರವಿಕೆ ಬಿಗಿಯಾಗಿ ಹೊಲಿದು ಕೊಟ್ಟರೂ ಸುಮ್ನೆ ತಂದು ಕಪಾಟಿನಲ್ಲಿ ಇಡ್ತೀನಿ. ನಾನು 'ಹೌದ್ರೀ ಸರ' ಅಂದ್ರೆ ಆ ಕಡೆ ಯಾರೋ ನಗ್ತಾರೆ. ನನಗೆ ಆತ್ಮವಿಶ್ವಾಸವೇ ಇಲ್ಲ. ಯಾವ ಕ್ಲಾಸಿಗೆ ಸೇರಲಿ?"
– ಹೆಸರು ಬೇಡ ಎಂದ ಓದುಗರು, ನವನಗರ, ಬಾಗಲಕೋಟೆ

ಸಂಪಾದಕರ ಉತ್ತರ:

ನಿಮ್ಮ ಪತ್ರ ಎರಡು ಪುಟ ಇದೆ. ಎಲ್ಲೂ ಕಾಟು ಹೊಡೆದಿಲ್ಲ. ಲೆಕ್ಕದವರ ಕೈ ಅಂತ ನೋಡಿದರೇ ಗೊತ್ತಾಗುತ್ತದೆ.

"ಆತ್ಮವಿಶ್ವಾಸವೇ ಇಲ್ಲ" ಅನ್ನೋದನ್ನ ಮಾತ್ರ ನಾನು ಒಪ್ಪುವುದಿಲ್ಲ. 40 ಚೀಲ ಕಡಿಮೆ ಇದೆ ಅಂತ ಕಂಡಾಗ ನಿಮಗೆ ಅನುಮಾನ ಇತ್ತಾ? ಇರಲಿಲ್ಲ. ಲೆಕ್ಕದಲ್ಲಿ ನಿಮಗೆ ಬೇಕಾದಷ್ಟು ನಂಬಿಕೆ ಇದೆ, ಮೀಟಿಂಗಿನಲ್ಲಿ ಬಾಯಿ ತೆಗೆಯೋದರಲ್ಲಿ ಇಲ್ಲ. ಎರಡೂ ಬೇರೆ ಬೇರೆ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಬರೆದದ್ದು ಹೀಗೇ ಇದೆ. ಇಂಥ ನಂಬಿಕೆ ಒಂದೊಂದು ಕೆಲಸಕ್ಕೆ ಒಂದೊಂದು. ಅದು ಎಲ್ಲಕ್ಕಿಂತ ಗಟ್ಟಿಯಾಗಿ ಬರೋದು ನಾವೇ ಆ ಕೆಲಸ ಮಾಡಿ ಗೆದ್ದಾಗ. ನಮ್ಮಂಥವರೇ ಒಬ್ಬರು ಮಾಡೋದನ್ನ ನೋಡಿದರೂ ಬರುತ್ತದೆ. ಇನ್ನೊಬ್ಬರು ಬೆನ್ನು ತಟ್ಟಿದ್ದರಿಂದ ಬರುವುದು ಬೇಗ ಇಳಿದು ಹೋಗುತ್ತದೆ. ನೀವು ಕೇಳಿದ ಕ್ಲಾಸುಗಳಲ್ಲಿ ಜಾಸ್ತಿ ಸಿಗೋದು ಈ ಬೆನ್ನು ತಟ್ಟೋದೇ. ಭಾನುವಾರ "ನೀನು ಸಿಂಹ" ಅಂತಾರೆ, ಸೋಮವಾರ ಹನ್ನೊಂದು ಗಂಟೆಗೆ ಸಿಂಹ ಮ್ಯೂಟ್ ಆಗಿರುತ್ತದೆ. ದುಡ್ಡು ಉಳಿಸಿಕೊಳ್ಳಿ.

ನನ್ನದೇ ಒಂದು ಕಥೆ ಹೇಳ್ತೀನಿ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಳಕಲ್ ಸೀರೆ ಬಗ್ಗೆ ಬರೆಯೋಕೆ ಅಂತ ಇಳಕಲ್‌ಗೆ ಕಳಿಸಿದ್ದರು. ಹದಿನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ನೇಕಾರರ ಮನೆಯಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬರು ಸೀರೆಯ ಮೈಯ ಹಾಸನ್ನೂ (ಮಗ್ಗದಲ್ಲಿ ಉದ್ದಕ್ಕೆ ಎಳೆದ ದಾರಗಳು) ಸೆರಗಿನ ಹಾಸನ್ನೂ ಕೂಡಿಸುತ್ತಿದ್ದರು. ಎರಡೂ ಹಾಸು ಬೇರೆ ಬೇರೆ ಇರುತ್ತವೆ, ಅವನ್ನು ಕುಣಿಕೆ ಹಾಕಿ ಸೇರಿಸಬೇಕು. ತೋಪು ತೆನಿ ಅಂತಾರಲ್ಲ, ಅದು. ನಾನು ಬಾಗಿಲಲ್ಲೇ ನಿಂತೆ. ಅಂಗೈ ಬೆವೆತು ಚೀಟಿಯ ಶಾಯಿ ಹರಡಿತ್ತು. "ಕುಂದರ್ರಿ, ಏನ್ ಕೇಳಾಕ ಬಂದೀರಿ ಕೇಳ್ರಿ" ಅಂದರು. ಬಾಯಿಗೆ ಬಂದದ್ದು ಚೀಟಿಯಲ್ಲೇ ಇಲ್ಲದ ಪೆದ್ದು ಪ್ರಶ್ನೆ: "ಇದು ಸೀರೆನಾ?" ಆಕೆ ತಲೆ ಎತ್ತಲೇ ಇಲ್ಲ. "ಇನ್ನೂ ಆಗಿಲ್ರಿ, ಆಗ್ತದ" ಅಂದು ದಾರ ಹೊಸೆಯುತ್ತಾ ಒಂದು ತಾಸು ಮಾತಾಡಿದರು. ನನ್ನ ನಡುಕ ಆಕೆಗೆ ಕಂಡಿರಲೇ ಇಲ್ಲ.

ಇದು ನನ್ನೊಬ್ಬನ ಅದೃಷ್ಟ ಅಲ್ಲ. ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದರು. ಮುಜುಗರ ಆಗುವಂಥ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಬೇರೆಯವರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದುಕೊಂಡರು. ಗಮನಿಸಿದ್ದು ಕಾಲು ಭಾಗ. 2003ರ ಇನ್ನೊಂದು ಪ್ರಯೋಗ ನಿಮಗೆ ಇನ್ನೂ ಹತ್ತಿರದ್ದು. ಭಾಷಣಕ್ಕೆ ಮೊದಲು ಕೆಲವರಿಗೆ "ನಿಮ್ಮ ಹೆದರಿಕೆ ನೀವು ಅಂದುಕೊಂಡಷ್ಟು ಹೊರಗೆ ಕಾಣೋದಿಲ್ಲ" ಅಂತ ತಿಳಿಸಿದರು. ಅಷ್ಟಕ್ಕೇ ಅವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು.

ಹಾಗಾಗಿ ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ ಬಿಡಿ. ಅದನ್ನ ನಿಲ್ಲಿಸಿ ಆಮೇಲೆ ಮಾತಾಡ್ತೀನಿ ಅಂತ ಕೂತರೆ ಮೀಟಿಂಗೇ ಮುಗಿದುಹೋಗುತ್ತದೆ.

ಮೊದಲು ದರ್ಜಿ. ಮೀಟಿಂಗ್ ಆಮೇಲೆ. ಈ ವಾರವೇ ಆ ರವಿಕೆ ತಗೊಂಡು ಹೋಗಿ. "ಬೇಜಾರಾಗಬೇಡ್ರಿ, ನನ್ನದೇ ತಪ್ಪಿರಬಹುದು" ಅಂತ ಶುರು ಮಾಡಬೇಡಿ. "ತೋಳು ಬಿಗಿ ಆಗೇತ್ರಿ, ಬಿಚ್ಚಿ ಹೊಲಿದು ಕೊಡ್ರಿ" ಅಂದರೆ ಸಾಕು. ಅವರು ಗೊಣಗಬಹುದು. ಗೊಣಗಲಿ, ಹೊಲಿಗೆಯವರು ಗೊಣಗದೆ ಕೊಟ್ಟ ರವಿಕೆ ನಾನಂತೂ ಕಂಡಿಲ್ಲ.

ಸೋಮವಾರಕ್ಕೆ ಒಂದೇ ವಾಕ್ಯ ಸಾಕು. ಹಿಂದಿನ ದಿನವೇ ಬರೆದಿಡಿ. ಅದರಲ್ಲಿ ಒಂದು ಅಂಕಿ ಇರಲಿ, ಅಂಕಿ ನಿಮ್ಮ ಕಡೆಯ ಸಾಕ್ಷಿ. ಹೋದ ತಿಂಗಳಾಗಿದ್ದರೆ ಅದು ಹೀಗಿರುತ್ತಿತ್ತು: "ಸರ್, ಗೋಡೌನಿನಲ್ಲಿ 40 ಚೀಲ ಕಡಿಮೆ ಇದೆ, ಅಂದ್ರೆ ಎರಡು ಟನ್." ಈ ವಾರದ ವಾಕ್ಯವನ್ನು ಮೊದಲ ಹತ್ತು ನಿಮಿಷದೊಳಗೇ ಹೇಳಿಬಿಡಿ. ತಡ ಮಾಡಿದಷ್ಟೂ ಆ ವಾಕ್ಯ ಗಂಟಲಲ್ಲಿ ದಪ್ಪ ಆಗುತ್ತಾ ಹೋಗುತ್ತದೆ. ಗಟ್ಟಿಯಾಗಿ ಹೇಳಿ. ಪಿಸುಮಾತು ಆಚೆ ದಂಡೆಗೆ ಮುಟ್ಟೋದು ವಿಜಯಪುರದ ಗೋಳಗುಮ್ಮಟದಲ್ಲಿ ಮಾತ್ರ, ವಿಡಿಯೊ ಕಾಲ್‌ನಲ್ಲಿ ಅಲ್ಲ.

ಇನ್ನು "ಹೌದ್ರೀ ಸರ" ವಿಷಯ. ನನಗೆ ಇಲ್ಲಿ ನಿಜವಾಗಿಯೂ ಸಿಟ್ಟು ಬಂತು. ನಕ್ಕವರಿಗೆ ನಿಮ್ಮ ಭಾಷೆ ಹೊಸದು, ಅಷ್ಟೇ. ಅದು ನಿಮ್ಮ ಕೊರತೆ ಅಲ್ಲ, ತಿದ್ದಿಕೊಳ್ಳೋಕೆ ಹೋಗಲೇಬೇಡಿ. ನಾಲಿಗೆ ತಿದ್ದಿಕೊಳ್ಳುತ್ತಾ ಲೆಕ್ಕ ಹೇಳೋಕೆ ಹೋದರೆ ಎರಡೂ ಕೆಡುತ್ತವೆ. ಪ್ರತಿ ವಾರ ಅದೇ ಮನುಷ್ಯ ನಗುತ್ತಿದ್ದರೆ ಮೇಲಿನವರಿಗೆ ತಿಳಿಸಿ. ಅದು ಆಫೀಸು ಸರಿ ಮಾಡಬೇಕಾದ ವಿಷಯ.

ಪಕ್ಕದ ಟೇಬಲ್‌ನವರ ಮೇಲೆ ಕೋಪ ಬೇಡ. ಅವರು ಕದ್ದಿಲ್ಲ, ಕಂಡದ್ದನ್ನು ಹೇಳಿದರು. ಅಲ್ವಾ?

ಒಂದು ಮಾತು ಉಳಿದಿದೆ. ಎರಡು ಪುಟ ಬರೆದ ನೀವು, ಆ 40 ಚೀಲ ಕೊನೆಗೆ ಎಲ್ಲಿ ಸಿಕ್ಕವು ಅಂತ ಬರೆದೇ ಇಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿದೆ. ಒಂದು ಕಾರ್ಡ್ ಹಾಕಿ.