ಕೃಷ್ಣಾ ನದಿ ದಂಡೆಯ ಊರಲ್ಲಿ ನೆರೆ ಬಂದರೆ ಬದುಕು ಹೇಗಿರುತ್ತದೆ?

ಚಿಕ್ಕೋಡಿ ಕಡೆಯ ಹೊಳೆದಂಡೆಯ ಶಾಲೆಗೆ ವರ್ಗವಾಗಿದೆ, ವಾರಗಟ್ಟಲೆ ಮಳೆ ಹಿಡಿದು ನೆರೆ ಬಂದರೆ ಅಲ್ಲಿಯ ಜನ ಹೇಗೆ ಇರುತ್ತಾರೆ, ನಾನೇನು ತಯಾರಿ ಮಾಡಿಕೊಳ್ಳಬೇಕು ಅಂತ ಕೇಳಿದ್ದೀರಿ. ನಾನು ಅದೇ ಭಾಗದವನು. 2005, 2019, 2021ರ ಮೂರೂ ನೆರೆ ನೋಡಿದ್ದೇನೆ. ಎಲ್ಲರೂ ನೀರು ಏರುವುದಕ್ಕೆ ಹೆದರುತ್ತಾರೆ. ನನ್ನ ಕೇಳಿದರೆ ನಿಜವಾದ ಕಷ್ಟ ಶುರುವಾಗುವುದು ನೀರು ಇಳಿದ ಮೇಲೆ. ತಯಾರಿ ಮಾಡುವುದಿದ್ದರೆ ಅದಕ್ಕೆ ಮಾಡಿಕೊಳ್ಳಿ.

ಮೊದಲು ಇದನ್ನ ತಿಳ್ಕೊಳ್ಳಿ. ನಮ್ಮ ಹೊಳೆ ಉಕ್ಕುವುದು ನಮ್ಮೂರ ಮಳೆಯಿಂದ ಅಲ್ಲ. ಇಲ್ಲಿ ಬರೀ ಜಿಟಿಜಿಟಿ ಹಿಡಿದಿರುತ್ತದೆ. ಅಥಣಿ ತಾಲೂಕಿನಲ್ಲಂತೂ ಒಂದು ಕಡೆ ನೆರೆ, ಇನ್ನೊಂದು ಕಡೆ ಕುಡಿಯುವ ನೀರಿಗೆ ಟ್ಯಾಂಕರ್. ಮಳೆ ಸುರಿಯುವುದು ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ, ಕೊಯ್ನಾದಲ್ಲಿ, ಕೊಲ್ಹಾಪುರದ ಘಟ್ಟದಲ್ಲಿ. ಕೊಯ್ನಾ ಡ್ಯಾಮ್ ಸುಮಾರು 105 ಟಿಎಂಸಿಯದು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಅದು ತುಂಬಿ ಗೇಟ್ ತೆಗೆದರೆ ಒಂದೆರಡು ದಿನದಲ್ಲಿ ಆ ನೀರು ರಾಜಾಪುರ ಬ್ಯಾರೇಜ್ ದಾಟಿ ನಮ್ಮ ಹೊಲದಲ್ಲಿರುತ್ತದೆ. ಅದರ ಮೇಲೆ ದೂಧಗಂಗಾ, ವೇದಗಂಗಾ ಹೊಳೆಗಳ ನೀರು ಬೇರೆ. ಒಂದು ಲಕ್ಷ ಕ್ಯೂಸೆಕ್ ನೀರು, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಒಂದು ದಿನ ಪೂರ್ತಿ ಹರಿದರೆ ಎಂಟೂವರೆ ಟಿಎಂಸಿಗಿಂತ ಜಾಸ್ತಿ. ಅದಕ್ಕೇ ಜುಲೈ ಬಂತೆಂದರೆ ಇಲ್ಲಿಯ ಜನ ಆಕಾಶ ನೋಡುವುದಿಲ್ಲ, ಮೊಬೈಲ್ ನೋಡುತ್ತಾರೆ. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರದಲ್ಲಿ ಎಷ್ಟು ದಾಟಿತು, ಸಾಂಗ್ಲಿಯ ಆಯರ್ವಿನ್ ಸೇತುವೆ ಹತ್ತಿರ ಎಷ್ಟು ಅಡಿ ಆಯಿತು. ಅಲ್ಲಿ 45 ಅಡಿ ಅಪಾಯದ ಮಟ್ಟ. 2019ರಲ್ಲಿ 57 ಅಡಿ ದಾಟಿತ್ತು. (ನೆರೆಗೆ ಕಾರಣ ಏನು ಅಂದರೆ ಸಾಂಗ್ಲಿಯವರು ಕೆಳಗಿನ ಆಲಮಟ್ಟಿ ಡ್ಯಾಮ್ ಕಡೆ ಬೆರಳು ತೋರಿಸುತ್ತಾರೆ, ನಾವು ಕೊಯ್ನಾ ಕಡೆ. ಈ ಜಗಳಕ್ಕೆ ನೀವು ಹೋಗಬೇಡಿ.)

ಮೊದಲು ಮುಳುಗುವುದು ಕೆಳಮಟ್ಟದ ಸೇತುವೆಗಳು. ಕಲ್ಲೋಳ-ಯಡೂರ, ಕಾರದಗಾ-ಭೋಜ, ಮಲಿಕವಾಡ-ದತ್ತವಾಡ. ಇವು ಹೆಚ್ಚುಕಮ್ಮಿ ಪ್ರತಿ ವರ್ಷ ಮುಳುಗುತ್ತವೆ, ಅದನ್ನ ಇಲ್ಲಿ ಯಾರೂ ನೆರೆ ಅನ್ನುವುದಿಲ್ಲ. ಸುತ್ತು ಹಾಕಿ ಹೋಗುತ್ತಾರೆ, ಅಷ್ಟೇ. ಹೊಳೆಯ ಆಚೆ ಮನೆ, ಈಚೆ ಶಾಲೆ ಅಂತ ಮಾತ್ರ ಮಾಡಿಕೊಳ್ಳಬೇಡಿ.

2019ರಲ್ಲಿ ನೀರು ಏರಿದ್ದು ಸರಿಯಾಗಿ ಪಂಚಮಿ ಹೊತ್ತಿಗೆ. ಆ ವರ್ಷ ಆಗಸ್ಟ್ 5ಕ್ಕೆ ಹಬ್ಬ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ, ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿರುತ್ತಾರೆ. ಹಾಗಾಗಿ ಪ್ರತಿ ಮನೆಯಲ್ಲೂ ದಿನನಿತ್ಯದ ಎರಡರಷ್ಟು ಜನ, ಅರ್ಧಕ್ಕರ್ಧ ಸಣ್ಣ ಮಕ್ಕಳು. ಹೊಳೆ ಓಣಿಯಲ್ಲಿ ಒಬ್ಬರು ನೀರಿನ ಅಂಚಿಗೆ ಗೂಟ ನೆಟ್ಟಿದ್ದರು, ಸಂಜೆ ನೆಟ್ಟಿದ್ದು ಬೆಳಗ್ಗೆ ಕಾಣುತ್ತಿರಲಿಲ್ಲ. ಆದರೂ ಹಿರಿಯರು ಜಗ್ಗಲಿಲ್ಲ. "ಐದನೇ ಇಸವಿಯೊಳಗ ಹನುಮಪ್ಪನ ಗುಡಿ ಕಟ್ಟಿ ತನಕಾ ಬಂದು ನಿಂತಿತ್ತು. ಅದನ್ನ ಮೀರಿ ಎಲ್ಲಿ ಬರತೈತಿ, ಸುಮ್ನಿರ್ರಿ" ಅಂದರು. ನೀರು ಗುಡಿಯ ಕಟ್ಟೆ ದಾಟಿ ಒಳಗೆ ಹೋಯಿತು. ಹಿಂದಿನ ನೆರೆಯ ಗುರುತನ್ನ ನಂಬಿ ಕೂತವರೇ ಆ ಸಲ ಬೋಟ್ ಹತ್ತಿದ್ದು. ತೋಟದ ಮನೆಗಳಲ್ಲಿ ಇರುವವರ ಪಾಡು ಇನ್ನೂ ಕಷ್ಟ. ಮನೆ ಎತ್ತರದಲ್ಲೇ ಇರುತ್ತದೆ, ಆದರೆ ಸುತ್ತ ನೀರು ಬಂದು ದಾರಿ ಹೋಗಿರುತ್ತದೆ.

ಜನ ಬೇಗ ಮನೆ ಬಿಡುವುದಿಲ್ಲ ಅಂತ ಅಧಿಕಾರಿಗಳು ಬೈಯುವುದು ನೀವೂ ಕೇಳುತ್ತೀರಿ. ಕಾರಣ ಮೊಂಡುತನ ಅಲ್ಲ, ದನ. ಎರಡು ಎಮ್ಮೆ, ಒಂದು ಜರ್ಸಿ ಆಕಳು ಇದ್ದವನು ಅವನ್ನ ಎಲ್ಲಿ ಕಟ್ಟಬೇಕು, ಏನು ಹಾಕಬೇಕು? ಕಣಿಕೆ (ಒಣ ಜೋಳದ ದಂಟು) ಬಣವೆ ನೀರಲ್ಲಿ ನಿಂತಿರುತ್ತದೆ. ಆ ವರ್ಷ ನಮಗೆ ಲಾರಿಗಟ್ಟಲೆ ಬಟ್ಟೆ ಬಂತು, ಬಿಸ್ಕಿಟ್ ಬಂತು. ಬೇರೆ ಊರುಗಳ ಹೆಣ್ಣುಮಕ್ಕಳು ಕಟಿರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದರು, ಆ ಋಣ ದೊಡ್ಡದು. ಆದರೆ ಮೇವು ತುಂಬಿಕೊಂಡು ಬಂದ ಟ್ರ್ಯಾಕ್ಟರ್ ಹಿಂದೆ ಜನ ಓಡಿದಷ್ಟು ಯಾವುದರ ಹಿಂದೆಯೂ ಓಡಲಿಲ್ಲ. ಹಳೇ ಬಟ್ಟೆಯ ರಾಶಿ ಮಾತ್ರ ಕೊನೆಗೆ ಹಾಗೇ ಉಳಿಯಿತು.

ಎತ್ತರದಲ್ಲಿದ್ದರೆ ನಿಮ್ಮ ಶಾಲೆಯೇ ಕಾಳಜಿ ಕೇಂದ್ರ ಆಗುವ ಸಾಧ್ಯತೆ ಜಾಸ್ತಿ. ಜನ ಇವತ್ತಿಗೂ ಗಂಜಿ ಕೇಂದ್ರ ಅಂತಲೇ ಕರೆಯುತ್ತಾರೆ. ಊಟಕ್ಕೆ ತೊಂದರೆ ಇಲ್ಲ, ಅನ್ನ-ಸಾರು ಸಿಗುತ್ತದೆ. ತೊಂದರೆ ಇರುವುದು ಶೌಚಾಲಯಕ್ಕೆ. ಮಕ್ಕಳಿಗೆ ಅಂತ ಕಟ್ಟಿದ ಎರಡು ಕೋಣೆ ಇಡೀ ಓಣಿಗೆ ಸಾಲುವುದಿಲ್ಲ. ಹೆಣ್ಣುಮಕ್ಕಳು ರಾತ್ರಿಯಾಗಲಿ ಅಂತ ನೀರು ಕುಡಿಯದೆ ಕೂತಿರುತ್ತಾರೆ. ಅದನ್ನ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ಟೀಚರ್, ನೀವು ಕೇಳಬಹುದು. ಪ್ಯಾಡ್, ಒಳಉಡುಪು, ಟಾರ್ಚ್ ಇಷ್ಟನ್ನ ಮೊದಲೇ ಪಂಚಾಯಿತಿಯವರ ಕಿವಿಗೆ ಹಾಕಿಡಿ. ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರ್ ಅಟ್ಟದ ಮೇಲೆ ಏರಿಸಿಡಿ.

ಇನ್ನು ನೀರು ಇಳಿದ ಮೇಲಿನ ಮಾತು. ಮನೆಯೊಳಗೆ ಮೊಣಕಾಲು ಮಟ್ಟ ರಾಡಿ. ತಿಳಿದವರು ಮಾಡುವುದೇನೆಂದರೆ, ನೀರು ಹೊಸ್ತಿಲು ಬಿಡುವ ಮುಂಚೆಯೇ ಬಂದು ಅದೇ ನೀರಲ್ಲಿ ರಾಡಿಯನ್ನ ಕದಡಿ ಹೊರಗೆ ತಳ್ಳುತ್ತಾರೆ. ಎರಡು ದಿನ ತಡವಾದರೆ ಅದು ಸಿಮೆಂಟ್ ಆಗುತ್ತದೆ, ಸಲಿಕೆ ಇಳಿಯುವುದಿಲ್ಲ. ನಮ್ಮ ಮನೆಯಲ್ಲಿ ಕಟ್ಟಿಗೆ ಕಪಾಟಿನ ಬಾಗಿಲು ಉಬ್ಬಿ ಕೂತಿತ್ತು, ಒದ್ದು ತೆಗೆದೆವು. ಅವ್ವನ ಇಳಕಲ್ ಸೀರೆಗಳು ಇಟ್ಟ ಹಾಗೇ ಇದ್ದವು, ಆದರೆ ಪ್ರತಿ ಮಡಿಕೆಯೊಳಗೂ ಗಂಧ ತೇಯ್ದಂಥ ನುಣುಪು ರಾಡಿ. ಜೋಳದ ಚೀಲ ಉಬ್ಬಿ ಒಡೆದು, ಒಳಗೆ ಮೊಳಕೆ ಬಂದು ಕೊಳೆತಿತ್ತು. ಆ ನಾತ ದೀಪಾವಳಿವರೆಗೂ ಹೋಗಲಿಲ್ಲ. ಹಾವು, ಚೇಳು ಒಣಜಾಗ ಹುಡುಕಿಕೊಂಡು ಅಟ್ಟ ಏರಿರುತ್ತವೆ, ಕತ್ತಲಲ್ಲಿ ಕೈ ಹಾಕಬೇಡಿ. ಮನೆ ಬಿಡುವಾಗಲೇ ಮೇನ್ ಸ್ವಿಚ್ ಆರಿಸಿ. ವೈರಿಂಗ್ ನೋಡಿಸದೆ ಕರೆಂಟ್ ಹಾಕಬೇಡಿ.

ಮಣ್ಣಿನ ಮನೆಗಳ ಆಟ ಬೇರೆಯೇ. ನೀರೊಳಗೆ ನಿಂತ ಗೋಡೆ ನಿಂತೇ ಇರುತ್ತದೆ. ಬಿಸಿಲು ಬಿದ್ದು ಒಣಗತೊಡಗಿದಾಗ ಬಿರುಕು ಬಿಟ್ಟು ಕುಸಿಯುತ್ತದೆ. ನಮ್ಮ ಓಣಿಯಲ್ಲಿ ಹೆಚ್ಚಿನ ಮನೆ ಬಿದ್ದಿದ್ದು ಜನ ವಾಪಸ್ ಬಂದು ಒಲೆ ಹಚ್ಚಿದ ಮೇಲೆ. ಗೋಡೆ ಪೂರ್ತಿ ಒಣಗುವವರೆಗೆ ಒಳಗೆ ಮಲಗಬಾರದು.

ಆಮೇಲೆ ಪರಿಹಾರ. 2019ರಲ್ಲಿ ತಕ್ಷಣಕ್ಕೆ 10,000 ರೂಪಾಯಿ, ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ಅಂತ ಸರ್ಕಾರ ಹೇಳಿತು. ಬಿದ್ದ ಪ್ರಮಾಣ ನೋಡಿ ಎ, ಬಿ, ಸಿ ಅಂತ ವರ್ಗ ಮಾಡಿದರು. ಸರ್ವೆಗೆ ಬರುವ ಹೊತ್ತಿಗೆ ಗೋಡೆ ಅರ್ಧ ನಿಂತಿದ್ದರೆ ಒಂದು ವರ್ಗ, ಮರುವಾರ ಪೂರ್ತಿ ಬಿದ್ದರೆ ಕೇಳುವವರಿಲ್ಲ. ಉತಾರ, ಅಂದರೆ ಮನೆಯ ಆಸ್ತಿ ದಾಖಲೆ, ಸತ್ತ ಅಜ್ಜನ ಹೆಸರಲ್ಲೇ ಇರುತ್ತದೆ. ಒಂದೇ ಸೂರಿನ ಕೆಳಗೆ ಅಣ್ಣತಮ್ಮಂದಿರ ಎರಡು ಒಲೆ, ಪರಿಹಾರ ಮಾತ್ರ ಒಂದು. ನೆರೆಯಲ್ಲಿ ಒಂದೇ ಗಂಗಾಳದಲ್ಲಿ ಉಂಡವರು ಇದರಿಂದ ಮಾತು ಬಿಟ್ಟಿದ್ದನ್ನ ನೋಡಿದ್ದೇನೆ. ನೀವು ಓದುಬರಹ ಬಲ್ಲವರು, ನಿಮ್ಮ ಹತ್ತಿರ ಜನ ಬಂದೇ ಬರುತ್ತಾರೆ. ಆಧಾರ್, ಪಾಸ್‌ಬುಕ್, ಉತಾರ, ಪಹಣಿ ಇವುಗಳ ಫೋಟೋ ಜೂನ್‌ನಲ್ಲೇ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಲು ಹೇಳಿ. ಮನೆಯದ್ದೂ ನಾಲ್ಕೂ ಕಡೆಯಿಂದ ಒಂದೊಂದು ಫೋಟೋ ಇರಲಿ, ತಾರೀಖಿನ ಸಮೇತ.

ಕಬ್ಬಿನ ಮಾತೂ ಕೇಳುತ್ತೀರಿ. ಸುಳಿ ಮೇಲಿದ್ದರೆ ಬೆಳೆ ಒಂದಷ್ಟು ದಿನ ತಡೆಯುತ್ತದೆ. ಸುಳಿಯೊಳಗೆ ರಾಡಿ ಕೂತರೆ ಕೊಳೆಯಿತು ಅಂತಲೇ ಲೆಕ್ಕ. ಆ ವರ್ಷ ಮಕ್ಕಳ ಫೀಸು, ಮದುವೆ, ಸಾಲದ ಕಂತು ಎಲ್ಲ ಮುಂದಕ್ಕೆ. ಹಾಜರಿ ಕಡಿಮೆಯಾದರೆ ಗದರುವ ಮುಂಚೆ ಆ ಹುಡುಗನ ಮನೆಯಲ್ಲಿ ಎಷ್ಟು ಎಕರೆ ಮುಳುಗಿತ್ತು ಅಂತ ವಿಚಾರಿಸಿ.

ಕೊನೆಗೆ, ಬಾಡಿಗೆ ಮನೆ ನೋಡುವಾಗ 2019ರ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ. ಗೋಡೆಯ ಮೇಲೆ ಗುರುತು ಇರುತ್ತದೆ. ಹೊಸ ಬಣ್ಣ ಹೊಡೆದಿದ್ದರೆ ಪಕ್ಕದ ಮನೆಯವರನ್ನ ಕೇಳಿ, ಮಾಲೀಕರನ್ನಲ್ಲ.